ಪಿಎಸ್‌ಡಿ ಬಿಚ್ಚಿ ನೋಡಿ ಡಿಸೈನ್ ಕಲಿಯೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಅಂಗಡಿಗೆ ಕೆಲಸ ಕಲಿಯೋಕೆ ಬರೋ ಹುಡುಗ ಹುಡುಗೀರು, ಫೋಟೋ ಸ್ಟುಡಿಯೋ ಇಟ್ಕೊಂಡಿರೋ ಫ್ರೆಂಡ್ಸು, ಮೆಸೇಜ್ ಹಾಕಿ ಕೇಳೋರು, ಎಲ್ರೂ ಸುತ್ತಿ ಬಳಸಿ ಇದೇ ಪ್ರಶ್ನೆಗಳಿಗೆ ಬರ್ತಾರೆ. ಅವರು ಕೇಳಿದ ಮಾತಲ್ಲೇ ಹಾಕಿದೀನಿ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಪೂರ್ತಿ ಓದ್ಬೇಕು ಅಂತೇನಿಲ್ಲ, ಬೇಕಾದ್ದು ಹುಡುಕ್ಕೊಂಡು ಓದಿ.

## ಈಗಷ್ಟೇ ಶುರು ಮಾಡೋರಿಗೆ

ಸರ್ ಈ ಪಿಎಸ್‌ಡಿ ಅಂದ್ರೆ ಏನು, ಜೆಪಿಜಿಗೂ ಇದಕ್ಕೂ ಏನ್ ಡಿಫರೆನ್ಸು?

ಜೆಪಿಜಿ ಅಂದ್ರೆ ಮುಗಿದು ಹೋದ ಚಿತ್ರ, ಎಲ್ಲಾ ಒಂದೇ ಹಾಳೆಗೆ ಅಂಟಿಕೊಂಡಿರತ್ತೆ. ಪಿಎಸ್‌ಡಿ ಫೋಟೋಶಾಪ್‌ನ ಸ್ವಂತ ಫೈಲು, ಅದ್ರಲ್ಲಿ ಬ್ಯಾಕ್‌ಗ್ರೌಂಡ್ ಬೇರೆ, ಫೋಟೋ ಬೇರೆ, ಅಕ್ಷರ ಬೇರೆ, ನೆರಳು ಬೇರೆ, ಹೀಗೆ ಒಂದರ ಮೇಲೊಂದು ಲೇಯರ್ ಆಗಿ ಉಳಿದಿರತ್ತೆ, ಯಾವುದನ್ನ ಬೇಕಾದ್ರೂ ಆಫ್ ಮಾಡಿ ನೋಡ್ಬಹುದು. ಮುಗಿದ ರಂಗೋಲಿ ನೋಡಿದ್ರೆ ಚುಕ್ಕಿ ಎಲ್ಲೆಲ್ಲಿ ಇಟ್ಟಿದ್ರು ಗೊತ್ತಾಗಲ್ಲ ಅಲ್ವಾ, ಪಿಎಸ್‌ಡೀಲಿ ಆ ಚುಕ್ಕಿಗಳು ಹಾಗೇ ಉಳಿದಿರತ್ತೆ.

ಫೋಟೋಶಾಪ್ 1990ರಲ್ಲಿ ಬಂದಾಗ ಅದ್ರಲ್ಲಿ ಲೇಯರೇ ಇರ್ಲಿಲ್ಲ. ಒಂದು ಫೋಟೋ ತಂದು ಪೇಸ್ಟ್ ಮಾಡಿ ಸೆಲೆಕ್ಷನ್ ಬಿಟ್ರೆ ಮುಗೀತು, ಕೆಳಗಿನ ಚಿತ್ರಕ್ಕೆ ಬೆರೆತು ಹೋಗ್ತಿತ್ತು. ಲೇಯರ್ ಬಂದಿದ್ದು 1994ರಲ್ಲಿ, 3ನೇ ವರ್ಷನ್‌ಗೆ. ಹಾಗಾಗಿ ಬೇರೆಯವರು ಮಾಡಿದ ಕೆಲಸವನ್ನ ಒಳಗಿಂದ ನೋಡಿ ಕಲಿಯೋ ಅವಕಾಶ ಸಿಕ್ಕಿದ್ದೂ ಆಮೇಲೇನೇ.

ಫೋಟೋಶಾಪ್ ತಿಂಗಳ ಬಾಡಿಗೆ ಕಟ್ಟೋಕಾಗಲ್ಲ, ಪಿಎಸ್‌ಡಿ ಓಪನ್ ಮಾಡೋಕೆ ಬೇರೆ ದಾರಿ ಇದ್ಯಾ?

ಇದೆ. ಬ್ರೌಸರಲ್ಲೇ ನಡೆಯೋ ಫೋಟೋಪೀ ಇದೆ, ದುಡ್ಡು ಬೇಡ, ಫೈಲ್ ಎಳೆದು ಹಾಕಿದ್ರೆ ಲೇಯರ್, ಮಾಸ್ಕ್ (ಲೇಯರಿನ ಭಾಗ ಮುಚ್ಚೋ ಪರದೆ), ಲೇಯರ್ ಸ್ಟೈಲ್ (ನೆರಳು, ಗ್ಲೋ ಥರದ ಎಫೆಕ್ಟ್), ಸ್ಮಾರ್ಟ್ ಆಬ್ಜೆಕ್ಟ್ (ಲೇಯರ್ ಒಳಗಿಟ್ಟ ಫೈಲು) ಎಲ್ಲಾ ಹೆಚ್ಚುಕಮ್ಮಿ ಹಾಗೇ ತೋರಿಸತ್ತೆ, ಫೈಲು ನಿಮ್ಮ ಕಂಪ್ಯೂಟರಲ್ಲೇ ಓಪನ್ ಆಗತ್ತೆ, ಎಲ್ಲಿಗೂ ಅಪ್‌ಲೋಡ್ ಆಗಲ್ಲ. ಓದಿ ಕಲಿಯೋ ಕೆಲಸಕ್ಕೆ ನಾನು ಮೊದಲು ಹೇಳೋದು ಇದನ್ನೇ. ಗಿಂಪ್ ಮತ್ತೆ ಕ್ರಿತಾ ಕೂಡ ಫ್ರೀ, ಎರಡೂ ಪಿಎಸ್‌ಡಿ ತೆಗೀತಾವೆ, ಆದ್ರೆ ಅವುಗಳಲ್ಲಿ ಅಕ್ಷರದ ಲೇಯರ್ ಬರೀ ಚಿತ್ರ ಆಗಿಬಿಡೋದು, ಕೆಲವು ಎಫೆಕ್ಟ್ ಕಾಣೆಯಾಗೋದು ಮಾಮೂಲಿ. ಅಂದ್ರೆ ನೀವು ಯಾವುದನ್ನ ನೋಡೋಕೆ ಫೈಲ್ ತೆಗೆದ್ರೋ ಅದೇ ಅಲ್ಲಿ ಇರಲ್ಲ. ಸ್ವಂತ ಡ್ರಾಯಿಂಗ್ ಮಾಡೋಕೆ ಮಾತ್ರ ಕ್ರಿತಾ ಸೂಪರ್.

ಅಣ್ಣಾ ಲ್ಯಾಪ್‌ಟಾಪ್ ಇಲ್ಲ, ಮೊಬೈಲಲ್ಲೇ ಕಲೀಬಹುದಾ?

ಶುರು ಮಾಡ್ಬಹುದು. ಊರಲ್ಲಿ ಬರ್ತ್‌ಡೇ ಪೋಸ್ಟ್, ರಾಜ್ಯೋತ್ಸವದ ಸ್ಟೇಟಸ್ ಮಾಡೋ ಹುಡುಗ್ರು ಅರ್ಧಕ್ಕರ್ಧ ಪಿಕ್ಸೆಲ್‌ಲ್ಯಾಬಲ್ಲೇ ಮಾಡ್ತಾರೆ, ಅದರ ಪಿಎಲ್‌ಪಿ ಫೈಲೂ ಲೇಯರ್ ಇರೋ ಫೈಲೇ, ಬಿಚ್ಚಿ ನೋಡೋ ಅಭ್ಯಾಸ ಅದ್ರಲ್ಲೇ ಮಾಡಿ. ಆದ್ರೆ ಮಾಸ್ಕು, ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಲೇಯರ್‌ಗಳ ಬಣ್ಣ, ಬೆಳಕು ತಿದ್ದೋ ಲೇಯರ್) ಅಂತ ಮುಂದಕ್ಕೆ ಬಂದಾಗ ಆರಿಂಚಿನ ಸ್ಕ್ರೀನಲ್ಲಿ ಕಣ್ಣು ನೋವು ಬಿಟ್ರೆ ಬೇರೇನೂ ಸಿಗಲ್ಲ. ಆ ಹೊತ್ತಿಗೆ ಹಳೇ ಡೆಸ್ಕ್‌ಟಾಪ್ ಆದ್ರೂ ಪರವಾಗಿಲ್ಲ, ನೋಡ್ಕೊಳ್ಳಿ.

ಟೆಲಿಗ್ರಾಂ ಗ್ರೂಪಲ್ಲಿ ನೂರಾರು ಜಿಬಿ ಪಿಎಸ್‌ಡಿ ಸಿಗತ್ತೆ, ಎಲ್ಲಾ ಡೌನ್‌ಲೋಡ್ ಮಾಡಿ ಇಟ್ಕೊಂಡಿದೀನಿ, ಸಾಕಲ್ವಾ?

ಹಾರ್ಡ್ ಡಿಸ್ಕ್ ತುಂಬಿಸೋಕೆ ಸಾಕು. ಆ ಪ್ಯಾಕ್‌ಗಳಲ್ಲಿ ಬಹಳಷ್ಟು ಒಬ್ಬರದ್ದನ್ನ ಇನ್ನೊಬ್ಬರು, ಅವರದ್ದನ್ನ ಮತ್ತೊಬ್ಬರು ಎಡಿಟ್ ಮಾಡಿ ಮಾಡಿ ಲೇಯರ್ ಎಲ್ಲ ಮರ್ಜ್ ಆಗಿ ಹೋದ ಫೈಲುಗಳು, ಹೆಸರಿಗೆ ಪಿಎಸ್‌ಡಿ, ಒಳಗೆ ನೋಡಿದ್ರೆ ಎರಡೇ ಲೇಯರ್: ಒಂದು ಬ್ಯಾಕ್‌ಗ್ರೌಂಡು, ಇನ್ನೊಂದು ನಿಮ್ಮ ಫೋಟೋ ಹಾಕೋ ಜಾಗ. ಅದ್ರಿಂದ ಕೆಲಸ ಮುಗಿಸ್ಬಹುದು, ಕಲಿಯೋಕೆ ಏನೂ ಇಲ್ಲ.

ಕಲಿಯೋಕೆ ಬೇಕಾಗಿರೋದು ಮಾಸ್ಕ್ ಉಳಿದಿರೋ, ಅಕ್ಷರ ಇನ್ನೂ ಅಕ್ಷರವಾಗೇ ಇರೋ, ಗ್ರೂಪ್ ಮಾಡಿ ಇಟ್ಟಿರೋ ಒಂದೈದು ಫೈಲು, ಅಷ್ಟೇ. ನಿಮ್ಮ ಅಂಗಡಿ ಸೀನಿಯರ್ ಹತ್ರ ಕೇಳಿ, ಒಳ್ಳೆ ಕೈಯಿಂದ ಬಂದ ಒಂದು ಫೈಲು ಆ ನೂರು ಜಿಬಿಗಿಂತ ಮೇಲು. ಚಿತ್ರ ಬರೆಯೋ ಆಸಕ್ತಿ ಇದ್ರೆ ಫ್ರಾನ್ಸಿನ ಡೇವಿಡ್ ರೆವೊಯ್ ಅವರ ಪೆಪ್ಪರ್ ಅಂಡ್ ಕ್ಯಾರೆಟ್ ಅನ್ನೋ ವೆಬ್‌ಕಾಮಿಕ್ ನೋಡಿ, ಪುಟಗಳ ಮೂಲ ಕ್ರಿತಾ ಫೈಲುಗಳನ್ನೇ ಲೇಯರ್ ಸಮೇತ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಎಲ್ರಿಗೂ ಬಿಟ್ಟಿದಾರೆ, ಅವರ ಹೆಸರು ಹಾಕಿದ್ರೆ ಬಳಸಿಕೊಳ್ಳೋಕೂ ಅಡ್ಡಿ ಇಲ್ಲ. ಪಳಗಿದ ಕಲಾವಿದರು ಬೆಳಕು ಎಲ್ಲಿ, ನೆರಳು ಎಲ್ಲಿ ಇಡ್ತಾರೆ ಅಂತ ಕದ್ದುಮುಚ್ಚಿ ಇಲ್ದೆ ನೋಡೋಕೆ ಸಿಗೋದು ಅಪರೂಪ.

ಬೇರೆಯವರ ಪಿಎಸ್‌ಡಿ ನೋಡಿ ಮಾಡಿದ್ರೆ ಕಾಪಿ ಹೊಡೆದಂಗೆ ಅಲ್ವಾ?

ಮನೇಲಿ ಕೂತು ಬಿಚ್ಚಿ ನೋಡೋದು, ಅದೇ ಥರ ಇನ್ನೊಂದು ಮಾಡಿ ಪ್ರಾಕ್ಟೀಸ್ ಮಾಡೋದು ಕಲಿಕೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲೂ ಖಾಸಗಿ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಉಪಯೋಗಿಸೋಕೆ ಜಾಗ ಇದೆ. ಆ ಪ್ರಾಕ್ಟೀಸ್ ಕೆಲಸಾನ ನಂದು ಅಂತ ಹಾಕ್ಕೊಳ್ಳೋದು, ಕಸ್ಟಮರಿಗೆ ಮಾರೋದು, ಅದು ಬೇರೆ ಮಾತು. ಲೈಸೆನ್ಸ್ ಓದಿ, ಪರ್ಸನಲ್ ಯೂಸ್ ಅಂತ ಇದ್ರೆ ಮದುವೆ ಕಾರ್ಡಿಗೆ ಬಳಸಿ ದುಡ್ಡು ತಗೊಳ್ಳೋಹಾಗಿಲ್ಲ. ಒಳಗಿರೋ ಫಾಂಟಿಗೂ ಫೋಟೋಗೂ ಬೇರೆ ಬೇರೆ ಲೈಸೆನ್ಸ್ ಇರ್ಬಹುದು, ಇದನ್ನ ಯಾರೂ ನೋಡೋದೇ ಇಲ್ಲ.

## ಫೈಲ್ ಬಿಚ್ಚಿ ನೋಡೋದು

ಓಪನ್ ಮಾಡಿದ್ರೆ ನೂರಿಪ್ಪತ್ತು ಲೇಯರ್ ಇದೆ ಸರ್, ತಲೆ ಸುತ್ತತ್ತೆ, ಎಲ್ಲಿಂದ ನೋಡೋದು?

ಕೆಳಗಿಂದ. ಪ್ಯಾನಲಲ್ಲಿ ತೀರಾ ಕೆಳಗಿನ ಲೇಯರ್ ಪಕ್ಕ ಇರೋ ಕಣ್ಣಿನ ಗುರುತಿಗೆ ಆಲ್ಟ್ ಹಿಡಿದು ಕ್ಲಿಕ್ ಮಾಡಿ, ಅದೊಂದೇ ಉಳಿದು ಬಾಕಿ ಎಲ್ಲ ಮಾಯ ಆಗತ್ತೆ. ಆಮೇಲೆ ಒಂದೊಂದೇ ಕಣ್ಣು ತೆರೀತಾ ಮೇಲಕ್ಕೆ ಬನ್ನಿ, ಪ್ರತಿ ಸಲ ಏನು ಬದಲಾಯ್ತು ಅಂತ ಒಂದು ಹಾಳೇಲಿ ಬರೀರಿ, ಹೌದು ಪೆನ್ನಲ್ಲೇ, ಬರೀಲಿಲ್ಲ ಅಂದ್ರೆ ಬರೀ ಕ್ಲಿಕ್ ಮಾಡ್ಕೊಂಡು ಹೋಗ್ತೀರ, ಹತ್ತು ನಿಮಿಷಕ್ಕೆ ಮುಗಿದು ಹೋಗತ್ತೆ, ತಲೇಲಿ ಏನೂ ಉಳಿಯಲ್ಲ.

ಗಣೇಶೋತ್ಸವದ ಫ್ಲೆಕ್ಸ್ ಒಂದನ್ನ ತಗೊಳ್ಳಿ. ಕೆಳಗೆ ಕುಂಕುಮ ಬಣ್ಣದ ಗ್ರೇಡಿಯೆಂಟ್, ನಡುವೆ ತಿಳಿ, ಅಂಚಿಗೆ ಗಾಢ. ಅದರ ಮೇಲೆ ಮಂಡಲದ ಡಿಸೈನು, ಸಾಫ್ಟ್ ಲೈಟ್ ಮೋಡಲ್ಲಿ (ಮೋಡ್ ಅಂದ್ರೆ ಬ್ಲೆಂಡ್ ಮೋಡ್, ಮೇಲಿನ ಲೇಯರ್ ಕೆಳಗಿನದಕ್ಕೆ ಬೆರೆಯೋ ರೀತಿ), ಒಪ್ಯಾಸಿಟಿ ಅಂದ್ರೆ ಎಷ್ಟು ಗಟ್ಟಿಯಾಗಿ ಕಾಣ್ಬೇಕು ಅನ್ನೋದು ಇಪ್ಪತ್ತೋ ಮೂವತ್ತೋ, ಅದೊಂದೇ ಇದ್ರೆ ಕಾಣೋದೇ ಇಲ್ಲ ಅನ್ನಿಸತ್ತೆ, ಆಫ್ ಮಾಡಿದ್ರೆ ಹಿನ್ನೆಲೆ ಬೋಳು ಬೋಳು. ಆಮೇಲೆ ಗಣಪನ ಹಿಂದೆ ಒಂದು ಹಳದಿ ಬೆಳಕು. ಹೊಸಬರು ಗ್ಲೋ ಹಾಕಬೇಕು ಅಂದ್ರೆ ಗಣಪನ ಲೇಯರಿಗೇ ಔಟರ್ ಗ್ಲೋ ಹಾಕಿ ಸುತ್ತ ಟ್ಯೂಬ್‌ಲೈಟ್ ಸುತ್ತಿದ ಹಾಗೆ ಮಾಡ್ತಾರೆ, ಇಲ್ಲಿ ನೋಡಿದ್ರೆ ಮೂರ್ತಿಯ ಹಿಂದೆ ಬೇರೆ ಲೇಯರಲ್ಲಿ ದೊಡ್ಡ ಮೆತ್ತಗಿನ ಬ್ರಷ್ಷಿನ ಒಂದೇ ಒಂದು ಚುಕ್ಕಿ, ಸ್ಕ್ರೀನ್ ಮೋಡಲ್ಲಿ. ಮೂರ್ತಿ ಕಾಲಡಿ ನೆರಳು ಕೂಡ ಬೇರೆ ಲೇಯರ್, ಮಲ್ಟಿಪ್ಲೈ. ನೆರಳು ಪೂರ್ತಿ ಕಪ್ಪಲ್ಲ, ಹಿನ್ನೆಲೆಯ ಕೆಂಪಿನದೇ ಗಾಢ ಛಾಯೆ, ಐಡ್ರಾಪರ್ (ಬಣ್ಣದ ಬೆಲೆ ತೋರಿಸೋ ಟೂಲ್) ಇಟ್ಟು ನೋಡಿ ಗೊತ್ತಾಗತ್ತೆ. ಆಮೇಲೆ ಲೀಡರ್‌ಗಳ ಫೋಟೋ, ದುಂಡಗಿನ ಶೇಪಿಗೆ ಕ್ಲಿಪ್ಪಿಂಗ್ ಮಾಸ್ಕ್ ಹಾಕಿ, ಅಂದ್ರೆ ಆ ಶೇಪಿನ ಒಳಗಷ್ಟೇ ಕಾಣೋ ಹಾಗೆ, ಕೂರಿಸಿರ್ತಾರೆ. ಯಾರ ತಲೆ ಎಷ್ಟು ದೊಡ್ಡದು ಅನ್ನೋದು ಡಿಸೈನರ್ ಕೈಲಿಲ್ಲ, ಅದನ್ನ ಮಾತ್ರ ಲೇಯರ್ ನೋಡಿ ಕಲಿಯೋಕೆ ಹೋಗ್ಬೇಡಿ.

ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಅಥವಾ ಕಲರ್ ಲುಕಪ್ ಅಡ್ಜಸ್ಟ್‌ಮೆಂಟ್ ಲೇಯರ್ ಇರತ್ತೆ, ಸಣ್ಣದು, ಯಾರ ಕಣ್ಣಿಗೂ ಬೀಳಲ್ಲ. ಅದನ್ನ ಆಫ್ ಮಾಡಿ ನೋಡಿ. ಹತ್ತು ಕಡೆಯಿಂದ ತಂದ ಹತ್ತು ಫೋಟೋ ಹತ್ತು ಥರ ಕಾಣೋಕೆ ಶುರುವಾಗತ್ತೆ. ಆನ್ ಮಾಡಿದ್ರೆ ಎಲ್ಲಾ ಒಂದೇ ಬೆಳಕಲ್ಲಿ ನಿಂತ ಹಾಗೆ. "ಅವರ ಡಿಸೈನ್ ಪ್ರೊಫೆಷನಲ್ ಆಗಿದೆ, ನಂದು ಅಂಟಿಸಿದ ಹಾಗಿದೆ" ಅಂತ ಬೇಜಾರು ಮಾಡ್ಕೊಳ್ಳೋರಿಗೆ ಎಷ್ಟೋ ಸಲ ಕಾರಣ ಆ ಒಂದು ಲೇಯರು.

ಲೇಯರ್ ಹೆಸರೆಲ್ಲ "ಲೇಯರ್ 45 ಕಾಪಿ 3" ಅಂತಾನೇ ಇದೆ, ಯಾವುದು ಎಲ್ಲಿದೆ ಹೇಗೆ ಹುಡುಕೋದು?

ಮೂವ್ ಟೂಲ್ ತಗೊಂಡು ಚಿತ್ರದ ಮೇಲೇ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ, ಆ ಜಾಗದ ಲೇಯರ್ ಪ್ಯಾನಲಲ್ಲಿ ಸೆಲೆಕ್ಟ್ ಆಗತ್ತೆ. ಸಿಕ್ಕಿದ್ದಕ್ಕೆ ನೀವೇ ಹೆಸರು ಕೊಡ್ತಾ ಹೋಗಿ, "ಹಣೆ ಮೇಲಿನ ಬೆಳಕು", "ಟೈಟಲ್ ಹಿಂದಿನ ಪಟ್ಟಿ" ಅಂತ ಕನ್ನಡದಲ್ಲೇ. ಹೆಸರಿಡೋಕೆ ಆಗ್ಲಿಲ್ಲ ಅಂದ್ರೆ ಆ ಲೇಯರ್ ಏನ್ ಮಾಡ್ತಿದೆ ಅಂತ ನಿಮಗಿನ್ನೂ ಗೊತ್ತಾಗಿಲ್ಲ, ಅಲ್ಲೇ ನಿಲ್ಲಿ.

ಎರೇಸರ್ ಇರುವಾಗ ಮಾಸ್ಕ್ ಯಾಕೆ? ಡಬಲ್ ಕೆಲಸ ಅಲ್ವಾ?

ಎರೇಸರಲ್ಲಿ ಅಳಿಸಿದ್ದು ಫೈಲ್ ಕ್ಲೋಸ್ ಮಾಡಿದ ಮೇಲೆ ವಾಪಸ್ ಬರಲ್ಲ, ಮಾಸ್ಕಲ್ಲಿ ಮುಚ್ಚಿದ್ದು ಯಾವಾಗ ಬೇಕಾದ್ರೂ ತೆಗೀಬಹುದು, ಅಷ್ಟೇ ಉತ್ತರ. ಕಪ್ಪು ಬಳಿದ್ರೆ ಮುಚ್ಚತ್ತೆ, ಬಿಳಿ ಬಳಿದ್ರೆ ತೆರೆಯತ್ತೆ, ಬೂದು ಅರ್ಧಂಬರ್ಧ.

ಆದ್ರೆ ಕಲಿಯೋರಿಗೆ ಇನ್ನೊಂದು ಲಾಭ ಇದೆ. ಬೇರೆಯವರ ಫೈಲಲ್ಲಿ ಮಾಸ್ಕಿನ ಚಿಕ್ಕ ಚಿತ್ರಕ್ಕೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದ್ರೆ ಮಾಸ್ಕೇ ಕಪ್ಪು ಬಿಳುಪಲ್ಲಿ ಪೂರ್ತಿ ಸ್ಕ್ರೀನಿಗೆ ಬರತ್ತೆ. ವಧು ತಲೆಕೂದಲಿನ ಅಂಚು, ಮಲ್ಲಿಗೆ ದಂಡೆ, ಸೀರೆ ಸೆರಗಿನ ತೆಳು ಭಾಗ ಹೇಗೆ ಕತ್ತರಿಸಿದಾರೆ ನೋಡಿ. ನಿಜವಾಗ್ಲೂ ಒಳ್ಳೆ ಕೆಲಸಗಾರರ ಮಾಸ್ಕಲ್ಲಿ ದೇಹದ ಅಂಚು ಚೂಪು, ಕೂದಲಿನ ಅಂಚು ಬೂದು ಬೂದು, ಎರಡಕ್ಕೂ ಒಂದೇ ಫೆದರ್ (ಅಂಚು ಮೆತ್ತಗೆ ಮಾಡೋದು) ಹಾಕಿರಲ್ಲ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದ್ರೆ ಮಾಸ್ಕ್ ತಾತ್ಕಾಲಿಕವಾಗಿ ಆಫ್ ಆಗಿ ಮೂಲ ಫೋಟೋ ಕಾಣತ್ತೆ, ಅವರು ಏನೇನು ಬಿಟ್ರು ಅನ್ನೋದೂ ಪಾಠವೇ.

ಬ್ಲೆಂಡ್ ಮೋಡ್ ಲಿಸ್ಟಲ್ಲಿ 27 ಇದೆ, ಎಲ್ಲಾ ಬಾಯಿಪಾಠ ಮಾಡ್ಬೇಕಾ?

ಬೇಡ. ಮಲ್ಟಿಪ್ಲೈ, ಸ್ಕ್ರೀನ್, ಸಾಫ್ಟ್ ಲೈಟ್ ಅಥವಾ ಓವರ್‌ಲೇ, ಇಷ್ಟು ಗೊತ್ತಿದ್ರೆ ನೀವು ಬಿಚ್ಚೋ ಫೈಲುಗಳಲ್ಲಿ ಬಹುಪಾಲು ಅರ್ಥ ಆಗತ್ತೆ. ಲೆಕ್ಕಾನೂ ಕಷ್ಟ ಇಲ್ಲ. ಪ್ರತಿ ಪಿಕ್ಸೆಲ್ಲಿಗೂ 0 ರಿಂದ 255ರವರೆಗೆ ಒಂದು ಬೆಲೆ, 0 ಕಪ್ಪು, 255 ಬಿಳಿ. ಮಲ್ಟಿಪ್ಲೈ ಅಂದ್ರೆ ಎರಡನ್ನೂ ಗುಣಿಸಿ 255ರಿಂದ ಭಾಗಿಸೋದು, ಕೆಳಗೆ 200 ಮೇಲೆ 100 ಇದ್ರೆ ಬರೋದು 78, ಎರಡಕ್ಕಿಂತಲೂ ಗಾಢ. ಮೇಲಿಂದು ಬಿಳಿ ಆಗಿದ್ರೆ ಕೆಳಗಿಂದು ಹಾಗೇ ಉಳಿಯತ್ತೆ, ಅದಕ್ಕೇ ಬಿಳಿ ಹಾಳೇಲಿ ಸ್ಕ್ಯಾನ್ ಮಾಡಿದ ಸಹಿನೋ ಲೈನ್ ಡ್ರಾಯಿಂಗೋ ಮಲ್ಟಿಪ್ಲೈ ಮಾಡಿದ್ರೆ ಬಿಳಿ ಮಾಯ. ಸ್ಕ್ರೀನ್ ಇದರ ಉಲ್ಟಾ, ಅದೇ 200 ಮತ್ತು 100ಕ್ಕೆ 222 ಬರತ್ತೆ, ಕಪ್ಪು ಮಾಯ ಆಗತ್ತೆ. ಪಟಾಕಿ, ಹೊಗೆ, ದೀಪದ ಬೆಳಕು ಎಲ್ಲಾ ಕಪ್ಪು ಹಿನ್ನೆಲೇಲಿ ಯಾಕೆ ಸಿಗತ್ತೆ ಅನ್ನೋದಕ್ಕೆ ಇದೇ ಕಾರಣ. ಓವರ್‌ಲೇ, ಸಾಫ್ಟ್ ಲೈಟ್ ಕಾಂಟ್ರಾಸ್ಟ್ ಮತ್ತೆ ಟೆಕ್ಸ್ಚರಿಗೆ, ಅವಕ್ಕೆ ಮಧ್ಯದ ಬೂದು ಬಣ್ಣ ಇದ್ದೂ ಇಲ್ಲದ ಹಾಗೆ.

ಒಪ್ಯಾಸಿಟಿ, ಫಿಲ್ ಎರಡೂ ಒಂದೇ ಕೆಲಸ ಮಾಡತ್ತಲ್ವಾ?

ಲೇಯರಿಗೆ ಸ್ಟೈಲ್ ಹಾಕಿಲ್ಲ ಅಂದ್ರೆ ಸಾಮಾನ್ಯವಾಗಿ ಒಂದೇ ಥರ ಕಾಣತ್ತೆ. ಸ್ಟ್ರೋಕ್, ಶ್ಯಾಡೋ, ಬೆವೆಲ್ ಹಾಕಿದ್ರೆ ಫಿಲ್ 0 ಮಾಡಿ ನೋಡಿ, ಒಳಗಿನ ಬಣ್ಣ ಹೋಗಿ ಎಫೆಕ್ಟ್ ಮಾತ್ರ ಉಳಿಯತ್ತೆ. ಗಾಜಿನ ಥರ, ನೀರಿನ ಹನಿ ಥರ ಕಾಣೋ ಅಕ್ಷರಗಳ ಗುಟ್ಟು ಇಷ್ಟೇ.

ಮಾಕಪ್ ಫೈಲಲ್ಲಿ ಲೇಯರ್ ಡಬಲ್ ಕ್ಲಿಕ್ ಮಾಡಿದ್ರೆ ಇನ್ನೊಂದು ಫೈಲ್ ಓಪನ್ ಆಗತ್ತೆ, ಇದೇನಿದು?

ಮಾಕಪ್ ಅಂದ್ರೆ ಡಿಸೈನು ಟೀ ಶರ್ಟಿನಂಥ ವಸ್ತು ಮೇಲೆ ಹೇಗೆ ಕಾಣತ್ತೆ ಅಂತ ತೋರಿಸೋ ಫೈಲು. ಅದ್ರೊಳಗಿನ ಆ ಲೇಯರ್ ಸ್ಮಾರ್ಟ್ ಆಬ್ಜೆಕ್ಟ್. 2005ರ ಸಿಎಸ್2 ವರ್ಷನ್ನಿಂದ ಇದೆ. ಲೇಯರ್ ಒಳಗೆ ಇನ್ನೊಂದು ಪೂರ್ತಿ ಫೈಲ್ ಮಡಚಿ ಇಟ್ಟಿರ್ತಾರೆ, ಅದನ್ನ ತೆಗೆದು ನಿಮ್ಮ ಲೋಗೋ ಹಾಕಿ ಸೇವ್ ಮಾಡಿದ್ರೆ ಹೊರಗಿನ ಟೀ ಶರ್ಟಿನ ಸುಕ್ಕಿಗೆ ತಕ್ಕ ಹಾಗೆ ಕೂರತ್ತೆ. ಎಲ್ರೂ ಇಲ್ಲಿಗೆ ಖುಷಿಯಾಗಿ ನಿಲ್ಲಿಸಿಬಿಡ್ತಾರೆ. ಸುಕ್ಕಿಗೆ ಹೇಗೆ ಕೂತಿತು ಅಂತ ನೋಡಿ: ಸ್ಮಾರ್ಟ್ ಆಬ್ಜೆಕ್ಟ್ ಕೆಳಗೆ ಡಿಸ್‌ಪ್ಲೇಸ್ ಅಥವಾ ವಾರ್ಪ್ (ಚಿತ್ರಾನ ಬಾಗಿಸೋ ಎಫೆಕ್ಟ್) ಇರತ್ತೆ, ಮೇಲೆ ಬಟ್ಟೆಯ ನೆರಳನ್ನ ಮಲ್ಟಿಪ್ಲೈಲಿ, ಹೊಳಪನ್ನ ಸ್ಕ್ರೀನಲ್ಲಿ ಬೇರೆ ಬೇರೆ ಇಟ್ಟಿರ್ತಾರೆ. ಮಾಕಪ್ ಬಳಸೋಕೆ ಬರೋನಿಗೂ ಮಾಕಪ್ ಮಾಡೋಕೆ ಬರೋನಿಗೂ ಇರೋ ವ್ಯತ್ಯಾಸ ಆ ಮೂರು ಲೇಯರ್.

## ಕನ್ನಡ ಅಕ್ಷರದ ಗೋಳು

ಸರ, ಫೈಲ್ ತಗದ್ರ ಕನ್ನಡ ಎಲ್ಲಾ ಎಬಿಸಿಡಿ ಥರಾ ಕಾಣಸ್ತದಲ್ರೀ, ಫೈಲ್ ಕೆಟ್ಟದ ಏನ್ರಿ?

ಕೆಟ್ಟಿಲ್ಲ. ಅದನ್ನ ಮಾಡಿದವರು ನುಡಿ, ಬರಹ ಅಥವಾ ಶ್ರೀಲಿಪಿ ಥರದ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದಾರೆ. ಆ ಫಾಂಟುಗಳಲ್ಲಿ ಕಂಪ್ಯೂಟರ್ ದೃಷ್ಟೀಲಿ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಮೇಲ್ನೋಟಕ್ಕೆ ಮಾತ್ರ ಕನ್ನಡದ ಚಿತ್ರ. ನಿಮ್ಮ ಹತ್ರ ಆ ಫಾಂಟ್ ಇಲ್ಲ ಅಂದ್ರೆ ಮುಖವಾಡ ಕಳಚಿ ಬೀಳತ್ತೆ. ಫೋಟೋಶಾಪ್ ಹಳೇದಿದ್ದಾಗ ಯುನಿಕೋಡ್ ಕನ್ನಡ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರೋ ಪದ್ಧತಿ) ಅದಕ್ಕೆ ಸರಿಯಾಗಿ ಕೂಡಿಸೋಕೆ ಬರ್ತಿರ್ಲಿಲ್ಲ, ಅದಕ್ಕೇ ಡಿಟಿಪಿಯವರು ಇವತ್ತಿಗೂ ನುಡಿ ಬಿಟ್ಟಿಲ್ಲ.

ಫಾಂಟ್ ಇಲ್ಲ ಅಂತ ವಾರ್ನಿಂಗ್ ಬಂದಾಗ ಅಪ್‌ಡೇಟ್, ರಿಪ್ಲೇಸ್ ಯಾವುದನ್ನೂ ಒತ್ತಬೇಡಿ, ಅಕ್ಷರದ ಲೇಯರನ್ನ ಡಬಲ್ ಕ್ಲಿಕ್ಕೂ ಮಾಡ್ಬೇಡಿ. ಕೊನೇ ಸಲ ಸೇವ್ ಮಾಡಿದಾಗಿನ ಚಿತ್ರ ಅಲ್ಲಿ ಉಳಿದಿರತ್ತೆ, ಅದನ್ನ ನೋಡಿ ಡಿಸೈನ್ ಅಭ್ಯಾಸ ಮಾಡ್ಬಹುದು. ಕ್ಯಾರೆಕ್ಟರ್ ಪ್ಯಾನಲಲ್ಲಿ ಫಾಂಟ್ ಹೆಸರು ಇರತ್ತೆ, ಅದನ್ನ ಹಾಕ್ಕೊಂಡ್ರೆ ಸರಿಹೋಗತ್ತೆ. ನುಡಿ ಅಕ್ಷರಕ್ಕೆ ಶ್ರೀಲಿಪಿ ಫಾಂಟ್ ಹಾಕಿದ್ರೆ ಮಾತ್ರ ಇನ್ನೂ ಗಲೀಜಾಗತ್ತೆ, ಎರಡರ ಒಳಗಿನ ಜೋಡಣೆ ಬೇರೆ ಬೇರೆ.

ಯುನಿಕೋಡಲ್ಲೇ ಟೈಪ್ ಮಾಡಿದೀನಿ, ಆದ್ರೂ ಒತ್ತಕ್ಷರ ಒಡೆದು ಪಕ್ಕ ಪಕ್ಕ ಬರತ್ತೆ!

"ಅಕ್ಕ" ಅಂತ ಹೊಡೆದ್ರೆ ಅಕ್, ಆಮೇಲೆ ಕ ಅಂತ ಬರತ್ತೆ ತಾನೇ. ಪ್ಯಾರಾಗ್ರಾಫ್ ಪ್ಯಾನಲ್‌ನ ಮೂಲೇಲಿರೋ ಮೆನುವಿನಲ್ಲಿ ವರ್ಲ್ಡ್ ರೆಡಿ ಅಂತ ಶುರುವಾಗೋ ಆಯ್ಕೆ ಹಾಕಿ. ಅದು ಕಾಣ್ತಿಲ್ಲ ಅಂದ್ರೆ ಪ್ರಿಫರೆನ್ಸಸ್, ಟೈಪ್ ಒಳಗೆ ಟೆಕ್ಸ್ಟ್ ಎಂಜಿನ್ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಬದಲಾಯಿಸಿ, ಮುಚ್ಚಿ ತೆಗೀರಿ. ಬೇರೆ ದೇಶದಿಂದ ಬಂದ ಪಿಎಸ್‌ಡೀಲಿ ಅವರ ಟೆಕ್ಸ್ಟ್ ಲೇಯರ್ ಮೇಲೇ ಕನ್ನಡ ಪೇಸ್ಟ್ ಮಾಡಿದಾಗ ಈ ತೊಂದರೆ ಜಾಸ್ತಿ, ಯಾಕಂದ್ರೆ ಹಳೇ ಸೆಟ್ಟಿಂಗ್ ಆ ಲೇಯರ್ ಜೊತೇಲೇ ಬಂದಿರತ್ತೆ.

ಇಂಗ್ಲಿಷ್ ಪಿಎಸ್‌ಡಿ ಸೂಪರ್ ಆಗಿರತ್ತೆ, ಅದಕ್ಕೇ ಕನ್ನಡ ಹಾಕಿದ್ರೆ ಚೆನ್ನಾಗೇ ಕಾಣಲ್ಲ, ಯಾಕೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕಂದ್ರೆ ಇಲ್ಲಿಂದ ಮುಂದೆ ಫೈಲ್ ನಿಮಗೆ ಉತ್ತರ ಕೊಡಲ್ಲ, ನೀವೇ ಯೋಚನೆ ಮಾಡ್ಬೇಕು. ಇಂಗ್ಲಿಷ್ ಪೋಸ್ಟರ್‌ಗಳ ಅರ್ಧ ಅಂದ ದೊಡ್ಡಕ್ಷರದಿಂದ ಬರತ್ತೆ. ಎಲ್ಲಾ ಅಕ್ಷರ ಒಂದೇ ಎತ್ತರ, ಮೇಲೂ ಕೆಳಗೂ ಗೆರೆ ಎಳೆದ ಹಾಗೆ ಸಮ. ಕನ್ನಡದಲ್ಲಿ ಆ ಸೌಕರ್ಯ ಇಲ್ಲ. ಮೇಲೆ ಗುಡಿಸು ಬರತ್ತೆ, ಕೆಳಗೆ ಒತ್ತು ಇಳಿಯತ್ತೆ, "ಸ್ವಾತಂತ್ರ್ಯ" ಅಂತ ಬರೆದ್ರೆ ಮೂರು ಒತ್ತು. ಅವರು ಎರಡು ಸಾಲಿನ ನಡುವೆ ಬಿಟ್ಟ ಬಿಗಿ ಲೀಡಿಂಗಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯತ್ತೆ. ಲೀಡಿಂಗ್ ಜಾಸ್ತಿ ಮಾಡಿ, ಆಗ ಅಕ್ಷರದ ಬ್ಲಾಕ್ ಎತ್ತರ ಆಗತ್ತೆ, ಹಾಗಾಗಿ ಫೋಟೋ ಜಾಗ ಕಮ್ಮಿ ಮಾಡ್ಬೇಕಾಗತ್ತೆ, ಅಂದ್ರೆ ಲೇಔಟ್ಟೇ ಮತ್ತೆ ಹಾಕ್ಬೇಕು.

ಇನ್ನು ಅಕ್ಷರಗಳ ಮಧ್ಯೆ ಅಗಲವಾಗಿ ಜಾಗ ಬಿಡೋ ಫ್ಯಾಷನ್ನು, ಅದನ್ನ ಕನ್ನಡಕ್ಕೆ ತರಬೇಡಿ. ಪದ ಉದುರಿ ಹೋದ ಹಾಗೆ ಕಾಣತ್ತೆ, ಕೆಲವು ಸಾಫ್ಟ್‌ವೇರಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗತ್ತೆ. ದಪ್ಪ ಬೇಕು ಅಂತ ಸ್ಟ್ರೋಕ್ ಹಾಕಿ ದಪ್ಪ ಮಾಡೋದೂ ಬೇಡ, "ಷ", "ಘ" ಥರದ ಅಕ್ಷರದ ಒಳಗಿನ ಸಂದು ಮುಚ್ಚಿ ಹೋಗತ್ತೆ. ಬೇರೆ ಬೇರೆ ದಪ್ಪ, ಅಗಲ ಇರೋ ಫಾಂಟೇ ತಗೊಳ್ಳಿ, ಅನೇಕ್ ಕನ್ನಡದಲ್ಲಿ ತೆಳುವಿಂದ ದಪ್ಪದವರೆಗೂ, ಕಿರಿದಿಂದ ಅಗಲದವರೆಗೂ ಇದೆ, ಬಲೂ ತಮ್ಮ ದುಂಡಗೆ ಮುದ್ದಾಗಿರೋ ಟೈಟಲ್‌ಗೆ, ನೋಟೋ ಸೆರಿಫ್ ಕನ್ನಡ ಆಮಂತ್ರಣ ಪತ್ರಿಕೆಯ ಸಣ್ಣ ಅಕ್ಷರಕ್ಕೆ. ಮೂರೂ ಫ್ರೀ, ದುಡ್ಡಿನ ಕೆಲಸಕ್ಕೂ ಬಳಸ್ಬಹುದು.

ಒಟ್ನಲ್ಲಿ ಇಂಗ್ಲಿಷ್ ಫೈಲಿಂದ ಬೆಳಕು, ಬಣ್ಣ, ಜಾಗ ಬಿಡೋದು ಕಲೀರಿ. ಅಕ್ಷರದ ಕೆಲಸಕ್ಕೆ ನಮ್ಮ ಹಳೇ ಸಿನಿಮಾ ಪೋಸ್ಟರುಗಳ ಕೈಬರಹ, ಯಕ್ಷಗಾನದ ಕರಪತ್ರ, ಅಂಗಡಿ ಬೋರ್ಡ್ ಪೇಂಟರ್‌ಗಳ ಕೆಲಸ ನೋಡಿ. ಅವುಗಳ ಪಿಎಸ್‌ಡಿ ಸಿಗಲ್ಲ, ಫೋಟೋ ತೆಗ್ದು ಮೇಲೆ ಪೆನ್ ಟೂಲಲ್ಲಿ ಬಿಡಿಸ್ತಾ ನೀವೇ ಲೇಯರ್ ಮಾಡ್ಕೋಬೇಕು.

## ಸೈಜು, ಬಣ್ಣ, ಪ್ರಿಂಟು

300 ಇಟ್ಟು 10×20 ಅಡಿ ಫ್ಲೆಕ್ಸ್ ಮಾಡೋಕೆ ಹೋದ್ರೆ ಸಿಸ್ಟಂ ಹ್ಯಾಂಗ್ ಆಗತ್ತೆ, ರ‍್ಯಾಮ್ ಹಾಕಿಸ್ಬೇಕಾ?

ರ‍್ಯಾಮ್ ಬೇಡ, ಲೆಕ್ಕ ಮಾಡಿ. 300 ಅಂದ್ರೆ ಇಂಚಿಗೆ 300 ಪಿಕ್ಸೆಲ್. 10 ಅಡಿ ಅಂದ್ರೆ 120 ಇಂಚು, ಇಂಟು 300 ಅಂದ್ರೆ 36,000 ಪಿಕ್ಸೆಲ್, ಆ ಕಡೆ 72,000. ಪಿಎಸ್‌ಡಿ ಫೈಲಿನ ಮಿತಿನೇ ಒಂದು ಬದಿಗೆ 30,000 ಪಿಕ್ಸೆಲ್, ಅದಕ್ಕಿಂತ ದೊಡ್ಡದು ಪಿಎಸ್‌ಬಿಲಿ ಸೇವ್ ಮಾಡ್ಬೇಕು, ಅದರ ಮಿತಿ 3 ಲಕ್ಷ. ಈ ಅಳತೇಲಿ ಪೂರ್ತಿ ತುಂಬಿದ ಒಂದೊಂದು ಲೇಯರೂ ಏಳೂವರೆ ಜಿಬಿ ಮೇಲೆ. ಸರ್ಕಲ್ಲಲ್ಲಿ ಮೂವತ್ತು ಅಡಿ ದೂರದಿಂದ ನೋಡೋ ಫ್ಲೆಕ್ಸಿಗೆ 40ರಿಂದ 72 ಸಾಕು. 40ರಲ್ಲಿ ಅದೇ ಫ್ಲೆಕ್ಸ್ 4,800×9,600 ಪಿಕ್ಸೆಲ್, ಮಾಮೂಲಿ ಕಂಪ್ಯೂಟರಲ್ಲೂ ಓಡತ್ತೆ.

300 ಬೇಕಾಗೋದು ಕೈಲಿ ಹಿಡಿದು ನೋಡೋದಕ್ಕೆ, ಮದುವೆ ಕಾರ್ಡು, ಆಲ್ಬಂ. 12×36 ಇಂಚಿನ ಆಲ್ಬಂ ಶೀಟ್ ಅಂದ್ರೆ 10,800×3,600 ಪಿಕ್ಸೆಲ್. ಒಳ್ಳೆ ಆಲ್ಬಂ ಪಿಎಸ್‌ಡಿ ಸಿಕ್ಕಿದ್ರೆ ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿ ಗೈಡ್ಸ್ ಆನ್ ಮಾಡಿ, ನಡುವೆ 18ನೇ ಇಂಚಿಗೆ ಒಂದು ಗೆರೆ ಇರತ್ತೆ, ಅದು ಮಡಿಕೆ. ಅಲ್ಲಿ ಯಾರ ಮುಖಾನೂ ಇಟ್ಟಿರಲ್ಲ. ವಧು ಮೂಗು ಮಡಿಕೇಲಿ ಸಿಕ್ಕಿಕೊಂಡ್ರೆ ಆ ಮನೆಯಿಂದ ನಿಮಗೆ ಇನ್ನೊಂದು ಆರ್ಡರ್ ಬರಲ್ಲ.

ಸ್ಕ್ರೀನಲ್ಲಿ ಮಿಂಚೋ ಹಸಿರು ಪ್ರಿಂಟಲ್ಲಿ ಸತ್ತು ಹೋಗತ್ತೆ, ಕಪ್ಪು ಅಕ್ಷರಕ್ಕೂ ಬಣ್ಣದ ನೆರಳು ಬರತ್ತೆ, ಪ್ರೆಸ್ಸಿನವರ ತಪ್ಪಾ?

ಎರಡಕ್ಕೂ ಕಾರಣ ಬೇರೆ. ಸ್ಕ್ರೀನ್ ಬೆಳಕಲ್ಲಿ ಬಣ್ಣ ಮಾಡತ್ತೆ, ಪ್ರೆಸ್ಸು ನಾಲ್ಕು ಶಾಯೀಲಿ, ಆ ಮಿಂಚೋ ಹಸಿರು ಶಾಯೀಲಿ ಸಿಗೋದೇ ಇಲ್ಲ. ಪ್ರೂಫ್ ಕಲರ್ಸ್ (ಪ್ರಿಂಟಲ್ಲಿ ಬಣ್ಣ ಹೇಗೆ ಬರತ್ತೆ ಅಂತ ತೋರಿಸೋದು) ಆನ್ ಮಾಡಿಕೊಂಡು ಕೆಲಸ ಮಾಡಿದ್ರೆ ಮೊದಲೇ ಗೊತ್ತಾಗತ್ತೆ.

ಕಪ್ಪಿನ ಕಥೆ ಏನಂದ್ರೆ, ಆರ್‌ಜಿಬಿ (ಸ್ಕ್ರೀನ್ ಬಣ್ಣ) ಕಪ್ಪನ್ನ ಸುಮ್ನೆ ಸಿಎಂವೈಕೆಗೆ (ಪ್ರೆಸ್ಸಿನ ನಾಲ್ಕು ಶಾಯಿ) ಕನ್ವರ್ಟ್ ಮಾಡಿದ್ರೆ ಫೋಟೋಶಾಪಿನ ಮಾಮೂಲಿ ಸ್ವಾಪ್ ಪ್ರೊಫೈಲಲ್ಲಿ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗತ್ತೆ. ಒಂದು ಸಣ್ಣ ಅಕ್ಷರಕ್ಕೆ ನಾಲ್ಕು ಪ್ಲೇಟು. ಒಂದು ಪ್ಲೇಟ್ ಕೂದಲೆಳೆ ಸರಿದ್ರೂ ಅಂಚಲ್ಲಿ ಬಣ್ಣ ಇಣುಕತ್ತೆ. ಸಣ್ಣ ಅಕ್ಷರಕ್ಕೆ ಕಪ್ಪು 100, ಬಾಕಿ ಮೂರೂ 0. ಪ್ರೆಸ್ಸಿಗೆ ಹೋಗಿ ಬಂದ ಫೈಲ್ ಯಾವುದಾದ್ರೂ ಸಿಕ್ಕಿದ್ರೆ ಮೊದಲು ಅದರ ಕಪ್ಪಿನ ಮೇಲೆ ಐಡ್ರಾಪರ್ ಇಡಿ. ಅಂಚಿಂದ ಆಚೆಗೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸೋವಾಗ ಹೋಗೋ ಹೆಚ್ಚುವರಿ ಜಾಗ) ಬಿಟ್ಟಿದಾರಾ ಅಂತಾನೂ ನೋಡಿ.

## ಸ್ವಲ್ಪ ಮುಂದೆ ಹೋದವರಿಗೆ

ನೋಡಿದ್ದೆಲ್ಲಾ ಅರ್ಥ ಆಗತ್ತೆ ಸರ್, ಆದ್ರೆ ಖಾಲಿ ಪೇಜ್ ಮುಂದೆ ಕೂತ್ರೆ ಕೈಯೇ ಓಡಲ್ಲ

ನೋಡೋದು ಅರ್ಧ ಕೆಲಸ, ಇನ್ನರ್ಧ ಮತ್ತೆ ಕಟ್ಟೋದು, ಅದನ್ನ ಯಾರೂ ಮಾಡಲ್ಲ. ಒಂದು ಫೈಲ್ ಬಿಚ್ಚಿ ಬರ್ಕೊಂಡ್ರಲ್ಲ, ಅದನ್ನ ಮುಚ್ಚಿ. ಅದೇ ಸೈಜಿನ ಖಾಲಿ ಫೈಲ್ ತೆಗೆದು ಬರ್ಕೊಂಡ ಹಾಳೆ ನೋಡಿ ಮೊದಲಿಂದ ಕಟ್ಟಿ, ಅವರ ಲೇಯರ್ ಒಂದನ್ನೂ ಎಳ್ಕೊಂಡು ಬರದೆ. ಮುಗಿದ ಮೇಲೆ ಮೂಲದ ಜೆಪಿಜಿ ತಂದು ಮೇಲಿಟ್ಟು ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ. ಎಲ್ಲಿ ನಿಮ್ಮದೂ ಅವರದೂ ಒಂದೇ ಇದ್ಯೋ ಅಲ್ಲಿ ಕಪ್ಪು, ಎಲ್ಲಿ ಬೇರೆ ಆಯ್ತೋ ಅಲ್ಲಿ ಹೊಳೆಯತ್ತೆ. ಪೂರ್ತಿ ಕಪ್ಪು ಯಾವತ್ತೂ ಬರಲ್ಲ, ಬರೋದೂ ಬೇಡ. ನೆರಳು ಎಷ್ಟು ಮೆತ್ತಗಿರ್ಬೇಕಿತ್ತು, ಟೈಟಲ್ ಎಷ್ಟು ಮೇಲಿರ್ಬೇಕಿತ್ತು ಅನ್ನೋದು ಕಣ್ಣಿಗೆ ಹೊಡೆದ ಹಾಗೆ ಕಾಣತ್ತೆ.

ಎರಡನೇ ಸುತ್ತಲ್ಲಿ ಅದೇ ಲೇಯರ್ ಕ್ರಮ ಇಟ್ಕೊಂಡು ವಿಷಯ ಬದಲಾಯಿಸಿ. ಗಣೇಶೋತ್ಸವದ ಫ್ಲೆಕ್ಸ್ ಇದ್ದಿದ್ದನ್ನ ಊರ ಕಬಡ್ಡಿ ಟೂರ್ನಮೆಂಟಿಗೆ ಮಾಡಿ. ಕೆಂಪು ಹೋಗತ್ತೆ, ಮಂಡಲ ಹೋಗತ್ತೆ, ಹಿಂದಿನ ಬೆಳಕು ಉಳಿಯತ್ತೆ, ಮೇಲಿನ ಕರ್ವ್ಸ್ ಉಳಿಯತ್ತೆ. ಯಾವುದು ಉಳೀತೋ ಅದೇ ನೀವು ಕಲಿತದ್ದು. ಹೀಗೆ ನಾಲ್ಕು ಫೈಲ್ ಮಾಡಿದವರು ಖಾಲಿ ಪೇಜ್ ಮುಂದೆ ಕೂತು ಒದ್ದಾಡಿದ್ದು ನಾನು ನೋಡಿಲ್ಲ.

ರೀಟಚ್ ಮಾಡಿದ ಫೈಲಲ್ಲಿ ಒಂದು ಮಸುಕು ಲೇಯರ್, ಮೇಲೆ ಬೂದು ಬಣ್ಣದ ಲೀನಿಯರ್ ಲೈಟ್ ಲೇಯರ್ ಇದೆ, ಏನಿದು?

ಫ್ರೀಕ್ವೆನ್ಸಿ ಸೆಪರೇಷನ್. ಚರ್ಮದ ಬಣ್ಣ ಒಂದು ಲೇಯರಿಗೆ, ರಂಧ್ರ ಕೂದಲಿನಂಥ ಸಣ್ಣ ವಿವರ ಇನ್ನೊಂದಕ್ಕೆ. ಕೆಳಗಿಂದು ಗಾಸಿಯನ್ ಬ್ಲರ್ ಮಾಡಿದ ಕಾಪಿ, ಮೇಲಿಂದು ಮೂಲದಿಂದ ಆ ಬ್ಲರನ್ನ ಕಳೆದು ಉಳಿದದ್ದು. 8 ಬಿಟ್ ಫೈಲಲ್ಲಿ ಅಪ್ಲೈ ಇಮೇಜ್ ತೆಗೆದು ಸಬ್‌ಟ್ರಾಕ್ಟ್, ಸ್ಕೇಲ್ 2, ಆಫ್‌ಸೆಟ್ 128 ಕೊಡ್ತಾರೆ. ಲೀನಿಯರ್ ಲೈಟ್ ಮೇಲಿನ ಲೇಯರಿನ ವ್ಯತ್ಯಾಸವನ್ನ ಎರಡರಷ್ಟು ಮಾಡಿ ಕೂಡಿಸತ್ತೆ, ಅದಕ್ಕೇ ಮೊದಲೇ ಎರಡರಿಂದ ಭಾಗಿಸಿಟ್ಟಿರೋದು. ಎರಡನ್ನೂ ಆನ್ ಮಾಡಿದ್ರೆ ಮೂಲ ಫೋಟೋ ವಾಪಸ್. ಆಮೇಲೆ ಕಲೆಯ ಬಣ್ಣ ಮಾತ್ರ ಸರಿ ಮಾಡ್ಬಹುದು, ಚರ್ಮ ಪ್ಲಾಸ್ಟಿಕ್ ಆಗದೆ.

ಕಲಿಯೋಕೆ ಒಳ್ಳೆ ಟೆಕ್ನಿಕ್. ಮುನ್ನೂರು ಫೋಟೋದ ಮದುವೆ ಆಲ್ಬಮ್ಮಿಗೆ ಇದನ್ನ ಮಾಡೋಕೆ ಕೂತ್ರೆ ಅವರ ಮಗುವಿನ ನಾಮಕರಣಕ್ಕೆ ಡೆಲಿವರಿ ಕೊಡ್ತೀರ. ಹೀಲಿಂಗ್ ಬ್ರಷ್ಷು, ಬೂದು ಲೇಯರ್ ಮೇಲೆ ಸ್ವಲ್ಪ ಡಾಡ್ಜ್ ಬರ್ನ್ (ಬೇಕಾದಲ್ಲಿ ತಿಳಿ, ಗಾಢ ಮಾಡೋದು), ಸಾಕು.

ಲೇಯರ್ ಪ್ಯಾನಲ್ ಪೂರ್ತಿ ನೋಡಿದೀನಿ, ಆದ್ರೂ ಆ ಲುಕ್ ಎಲ್ಲಿಂದ ಬಂತು ಸಿಗ್ತಿಲ್ಲ, ಇನ್ನೆಲ್ಲಿ ಹುಡುಕ್ಲಿ?

ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ ಬ್ಲೆಂಡ್ ಇಫ್ ಸ್ಲೈಡರ್ (ತಿಳಿ, ಗಾಢ ನೋಡಿ ಲೇಯರಿನ ಭಾಗ ಮರೆಮಾಡೋದು) ನೋಡಿ, ಮೋಡದಲ್ಲಿ ಅಕ್ಷರ ಬೆರೆತ ಹಾಗೆ, ಗೋಡೆ ಬಿರುಕಲ್ಲಿ ಪೇಂಟ್ ಇಳಿದ ಹಾಗೆ ಕಾಣೋದೆಲ್ಲ ಅಲ್ಲಿ ಅಡಗಿರತ್ತೆ. ಗ್ರೂಪಿನ ಮೋಡ್ ಪಾಸ್ ಥ್ರೂ ಇದ್ಯಾ ನಾರ್ಮಲ್ ಇದ್ಯಾ ನೋಡಿ, ನಾರ್ಮಲ್ ಆಗಿದ್ರೆ ಒಳಗಿನ ಅಡ್ಜಸ್ಟ್‌ಮೆಂಟ್ ಗ್ರೂಪಿಂದ ಆಚೆ ಬರಲ್ಲ. ಚಾನೆಲ್ಸ್ ಮತ್ತು ಪಾತ್ಸ್ ಪ್ಯಾನಲಲ್ಲಿ ಉಳಿಸಿಟ್ಟ ಸೆಲೆಕ್ಷನ್ ಇರ್ಬಹುದು.

ಅದಕ್ಕಿಂತ ಮಜಾ ಆಫ್ ಮಾಡಿ ಬಿಟ್ಟಿರೋ ಲೇಯರ್‌ಗಳಲ್ಲಿ. ಬೇಡ ಅಂತ ಬಿಟ್ಟ ಟೈಟಲ್ಲು, ಕಸ್ಟಮರ್ ಒಪ್ಪದ ಬಣ್ಣ, ಉಲ್ಟಾ ತಿರುಗಿಸಿ ನೋಡಿದ ಫೋಟೋ. ಆನ್ ಮಾಡಿ ಪಕ್ಕಪಕ್ಕ ಹೋಲಿಸಿ, ಯಾಕೆ ಬಿಟ್ರು ಅಂತ ಊಹೆ ಮಾಡಿ. ಎಷ್ಟೋ ಸಲ ಬಿಟ್ಟಿದ್ದೇ ಚೆನ್ನಾಗಿರತ್ತೆ, ಕಸ್ಟಮರ್ ದೊಡ್ಡವರು!

ಈಗ ಎಐಗೆ ಒಂದು ಸಾಲು ಹೇಳಿದ್ರೆ ಪೋಸ್ಟರ್ರೇ ಬರತ್ತೆ, ಲೇಯರ್ ಕಲಿತು ಏನ್ ಪ್ರಯೋಜನ ಅಕ್ಕ ಬಯ್ತಾಳೆ

ಅಕ್ಕನಿಗೆ ಒಂದು ಪೋಸ್ಟರ್ ಮಾಡಿಸೋಕೆ ಹೇಳಿ, ಆಮೇಲೆ "ದಿನಾಂಕ ಬದಲಾಗಿದೆ, ಎಡಗಡೆಯವರ ಫೋಟೋ ತೆಗೀರಿ, ಉಳಿದಿದ್ದು ಒಂದು ಚೂರೂ ಬದಲಾಗಬಾರದು" ಅನ್ನಿ. ಸಾಮಾನ್ಯವಾಗಿ ಕೈಗೆ ಬರೋದು ಚಪ್ಪಟೆ ಚಿತ್ರ, ಕನ್ನಡದ ಒತ್ತು ಗುಣಿತ ತಪ್ಪೋದೂ ಉಂಟು. ಪ್ರೆಸ್ಸಿಗೆ ಬೇಕಾದ ಕಪ್ಪು 100, ಬ್ಲೀಡು ಅದಕ್ಕೆ ನೀವೇ ಸೇರಿಸ್ಬೇಕು. ನಾನು ಎಐ ಬಳಸ್ತೀನಿ, ಹಿನ್ನೆಲೆಗೆ, ಟೆಕ್ಸ್ಚರಿಗೆ. ಅದು ಫೈಲಲ್ಲಿ ಒಂದು ಲೇಯರ್. ಬಾಕಿ ಲೇಯರ್ ಯಾವ ಕ್ರಮದಲ್ಲಿ ಬರ್ಬೇಕು ಅನ್ನೋದು ಗೊತ್ತಿದ್ರೆ ಅದು ಉಪಯೋಗಕ್ಕೆ ಬರತ್ತೆ.

ಕಸ್ಟಮರ್ ಪಿಎಸ್‌ಡಿನೇ ಕೊಡಿ ಅಂತಾರೆ, ಕೊಡ್ಬೇಕಾ?

ಮೊದಲೇ ಮಾತಾಡ್ಕೊಂಡಿದ್ರೆ ಕೊಡಿ, ಇಲ್ಲ ಅಂದ್ರೆ ಅದಕ್ಕೆ ಬೇರೆ ರೇಟ್ ಹೇಳಿ, ತಪ್ಪೇನಿಲ್ಲ, ಕಾರ್ಡಿಗೆ ಪಿಡಿಎಫ್ ಸಾಕು. ಕೊಡೋದೇ ಆದ್ರೆ ಲೇಯರಿಗೆ ಹೆಸರಿಟ್ಟು ಗ್ರೂಪ್ ಮಾಡಿ, ಫಾಂಟ್ ಹೆಸರುಗಳನ್ನ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದು ಜೊತೆಗೆ ಹಾಕಿ. ಅಕ್ಷರಗಳನ್ನ ಶೇಪ್ ಮಾಡಿದ ಒಂದು ಕಾಪಿನೂ ಇಡಿ, ಅವರ ಪ್ರೆಸ್ಸಲ್ಲಿ ನುಡಿ ಇರತ್ತೋ ಇಲ್ವೋ. ಕಳಿಸೋ ಮುಂಚೆ ಆಫ್ ಆಗಿರೋ ಲೇಯರ್ ಎಲ್ಲಾ ಒಂದ್ಸಲ ಆನ್ ಮಾಡಿ ನೋಡಿ, ಹೋದ ತಿಂಗಳ ಇನ್ನೊಬ್ಬ ಕಸ್ಟಮರ್‌ನ ಹೆಸರು, ಫೋನ್ ನಂಬರ್, ಕೆಲವು ಸಲ ಎದುರು ಪಾರ್ಟಿಯವರ ಫೋಟೋ, ಎಲ್ಲಾ ಅಲ್ಲೇ ಮಲಗಿರತ್ತೆ.